ಮನೆಯಲ್ಲೇ ಸರ್ಚ್ ಎಂಜಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ, ಪಂಚಾಂಗ ತೂಗುಹಾಕಿದ ಗೋಡೆಯ ಕಪಾಟಿನೊಳಗೆ, ಪರದೆ ಒಡೆದ ಒಂದು ಹಳೆಯ ಲ್ಯಾಪ್‌ಟಾಪ್ ಹಗಲಿರುಳು ಓಡುತ್ತಿರುತ್ತದೆ. ನಮ್ಮ ಮನೆಯವರು, ಎದುರು ಮನೆಯ ನಿವೃತ್ತ ಮೇಷ್ಟರು, ಸುರತ್ಕಲ್ಲಿನ ತಂಗಿಯ ಮನೆಯವರು ಅಂತರ್ಜಾಲದಲ್ಲಿ ಏನು ಹುಡುಕಿದರೂ ಅದು ಈ ಕಪಾಟಿನ ಮೂಲಕವೇ ಹೊರಗೆ ಹೋಗುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಕುಳಿತಾಗಲೆಲ್ಲ ಪಕ್ಕದವರು ಇದರ ಬಗ್ಗೆ ಕೇಳುತ್ತಾರೆ. ಉತ್ತರಿಸುವಷ್ಟರಲ್ಲಿ ಎಲೆಯ ಮೇಲೆ ಸಾರು ಹರಿದುಹೋಗಿರುತ್ತದೆ. ಹಾಗಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಇದು ಗೂಗಲ್‌ನಂಥದ್ದೇ? ಮನೆಯ ಲ್ಯಾಪ್‌ಟಾಪಿನಲ್ಲಿ ಇಡೀ ಅಂತರ್ಜಾಲ ಹಿಡಿಸುತ್ತದೆಯೇ?

ಹಿಡಿಸುವುದಿಲ್ಲ, ಹಿಡಿಸಬೇಕಾಗಿಯೂ ಇಲ್ಲ. ನಾನು ಬಳಸುವುದು ಸರ್‌ಎಕ್ಸ್‌ಎನ್‌ಜಿ ಎಂಬ ಮುಕ್ತ ತಂತ್ರಾಂಶ. (ಇಂಗ್ಲಿಷಿನ ಸರ್ಚ್ ಪದದ ಕೊನೆಯ ಎರಡು ಅಕ್ಷರ ತೆಗೆದು ಎಕ್ಸ್, ಎನ್, ಜಿ ಸೇರಿಸಿ ಹುಡುಕಿದರೆ ಸಿಗುತ್ತದೆ.) ಸರ್‌ಎಕ್ಸ್ ಎಂಬ ಹಳೆಯ ಯೋಜನೆಯಿಂದ 2021ರಲ್ಲಿ ಕವಲೊಡೆದದ್ದು ಇದು. ಮೂಲ ಯೋಜನೆ 2023ರಲ್ಲಿ ನಿಂತುಹೋಯಿತು. ಇದಕ್ಕೆ ಸ್ವಂತ ಸೂಚಿ (ಯಾವ ಪದ ಯಾವ ಪುಟದಲ್ಲಿದೆ ಎಂಬ ಪಟ್ಟಿ) ಇಲ್ಲ. ನಿಮ್ಮ ಪ್ರಶ್ನೆಯನ್ನು ಗೂಗಲ್, ಬಿಂಗ್, ಡಕ್‌ಡಕ್‌ಗೋ, ಬ್ರೇವ್, ವಿಕಿಪೀಡಿಯ ಮೊದಲಾದ ಕಡೆಗಳಿಗೆ ಒಯ್ದು ಕೇಳಿ, ಬಂದದ್ದನ್ನೆಲ್ಲ ಒಂದೇ ಪಟ್ಟಿಯಾಗಿ ಬಡಿಸುತ್ತದೆ.

ಹೋಟೆಲಿನ ಸಪ್ಲೈಯರ್ ಕೆಲಸ ಎಂದುಕೊಳ್ಳಿ. ನೀವು ಮೂಲೆಯ ಮೇಜಿನಲ್ಲಿ ಕುಳಿತು ಮಸಾಲೆ ದೋಸೆ ಹೇಳುತ್ತೀರಿ. ಆತ ಒಳಗೆ ಹೋಗಿ "ಒಂದು ಮಸಾಲೆ" ಎಂದು ಕೂಗುತ್ತಾನೆ. ಕಾವಲಿಯ ಮುಂದೆ ನಿಂತ ಭಟ್ಟರಿಗೆ ದೋಸೆ ಯಾವ ಮೇಜಿಗೆ ಎಂದು ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ವ್ಯತ್ಯಾಸ ಇಷ್ಟೇ: ನಮ್ಮ ಸಪ್ಲೈಯರ್ ಒಂದೇ ಸಲಕ್ಕೆ ಐದಾರು ಹೋಟೆಲುಗಳ ಅಡುಗೆಮನೆಗೆ ಓಡುತ್ತಾನೆ.

ಸ್ವಂತ ಸೂಚಿಯೇ ಬೇಕೆಂದರೆ?

ಯಾಸಿ ಎಂಬುದಿದೆ. 2003ರಲ್ಲಿ ಶುರುವಾದ, ಜಾವಾದಲ್ಲಿ ಬರೆದ ತಂತ್ರಾಂಶ. ತಾನೇ ಪುಟದಿಂದ ಪುಟಕ್ಕೆ ಅಲೆದು ಸೂಚಿ ಕಟ್ಟುತ್ತದೆ, ಬೇರೆಯವರ ಯಂತ್ರಗಳೊಂದಿಗೆ ಅದನ್ನು ಹಂಚಿಕೊಳ್ಳುತ್ತದೆ. ತತ್ತ್ವದಲ್ಲಿ ಇದೇ ಶುದ್ಧವಾದದ್ದು. ಆದರೆ ದಿನನಿತ್ಯದ ಹುಡುಕಾಟಕ್ಕೆ ಸಾಲದು. ನೀವು ಪದೇ ಪದೇ ನೋಡುವ ಹತ್ತಿಪ್ಪತ್ತು ತಾಣಗಳನ್ನಷ್ಟೇ ಅದಕ್ಕೆ ಒಪ್ಪಿಸಿ, ಆ ಯಾಸಿಯನ್ನೇ ಸರ್‌ಎಕ್ಸ್‌ಎನ್‌ಜಿಯ ಒಂದು ಮೂಲವಾಗಿ ಸೇರಿಸಿಕೊಳ್ಳಬಹುದು. ನಾನು ಆರು ತಿಂಗಳು ಇಟ್ಟುಕೊಂಡಿದ್ದೆ. ಡಿಸ್ಕ್ ತುಂಬುತ್ತ ಬಂತು, ಫ್ಯಾನ್ ಗೊರಕೆ ಹೊಡೆಯಲು ಶುರುಮಾಡಿತು, ಬಿಟ್ಟುಬಿಟ್ಟೆ.

ಇದನ್ನು ಹಾಕಿಕೊಂಡರೆ ನಾನು ಯಾರೆಂದು ಗೂಗಲ್‌ಗೆ ತಿಳಿಯುವುದಿಲ್ಲ, ಅಲ್ಲವೇ?

ಇಲ್ಲಿ ಹಲವರು ಎಡವುತ್ತಾರೆ. ನಾನೂ ಮೊದಲ ವರ್ಷ ಎಡವಿದವನೇ.

ತಿಳಿಯದೇ ಹೋಗುವ ಸಂಗತಿಗಳು ಬಹಳ ಇವೆ. ನಿಮ್ಮ ಖಾತೆ, ನಿಮ್ಮ ಬ್ರೌಸರಿನ ಕುಕಿ (ತಾಣಗಳು ಅಲ್ಲಿ ಇಟ್ಟುಹೋಗುವ ಗುರುತಿನ ಚೀಟಿ), ನಿಮ್ಮ ಮೊಬೈಲಿನ ಮಾದರಿ, ನೀವು ಯಾವ ಫಲಿತಾಂಶವನ್ನು ಒತ್ತಿದಿರಿ ಎಂಬುದು ಇವು ಯಾವುವೂ ಅತ್ತ ಹೋಗುವುದಿಲ್ಲ. ಫಲಿತಾಂಶ ಒತ್ತಿ ಒಂದು ತಾಣಕ್ಕೆ ಹೋದಾಗ, ನೀವು ಏನನ್ನು ಹುಡುಕುತ್ತ ಅಲ್ಲಿಗೆ ಬಂದಿರಿ ಎಂಬುದು ಆ ತಾಣಕ್ಕೂ ತಿಳಿಯುವುದಿಲ್ಲ. ಚಿತ್ರಗಳನ್ನು ಸಹ ನಮ್ಮ ಯಂತ್ರವೇ ತಂದುಕೊಡುವಂತೆ ಮಾಡಬಹುದು. ಈ ಸೌಲಭ್ಯ ಮೊದಲಿಗೆ ಆಫ್ ಆಗಿರುತ್ತದೆ, ನೆನಪಿಟ್ಟು ಆನ್ ಮಾಡಬೇಕು.

ಆದರೆ ಅಡುಗೆಮನೆಯವರಿಗೆ ಸಪ್ಲೈಯರ್‌ನ ಮುಖ ಕಾಣುತ್ತದೆ. ನಮ್ಮ ಯಂತ್ರ ಹೊರಗೆ ಹೋಗುವುದು ನಮ್ಮ ಮನೆಯ ಇಂಟರ್ನೆಟ್ ಸಂಪರ್ಕದಿಂದಲೇ. ಅಂದರೆ ನಮ್ಮ ಐಪಿ ವಿಳಾಸ (ಅಂತರ್ಜಾಲದಲ್ಲಿ ಆ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಗೂಗಲ್‌ಗೂ ಬಿಂಗ್‌ಗೂ ಕಾಣುತ್ತದೆ. ಮನೆಯಲ್ಲಿ ನೀವೊಬ್ಬರೇ ಇದ್ದು ನೀವೊಬ್ಬರೇ ಬಳಸಿದರೆ, ಆ ವಿಳಾಸದಿಂದ ಬರುವ ಪ್ರಶ್ನೆಗಳೆಲ್ಲ ಒಬ್ಬನದೇ ಎಂದು ಊಹಿಸುವುದು ಕಷ್ಟವಲ್ಲ. ಮನೆಯ ಎಂಜಿನ್ ನಿಮ್ಮನ್ನು ಅದೃಶ್ಯ ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೂರು ಮನೆಗಳನ್ನು ಒಂದೇ ಯಂತ್ರಕ್ಕೆ ಸೇರಿಸಿದ್ದು ಇದಕ್ಕಾಗಿಯೇ. ಈಗ ನಮ್ಮ ವಿಳಾಸದಿಂದ ಹೊರಡುವ ಪ್ರಶ್ನೆಗಳನ್ನು ಯಾರಾದರೂ ಕಲೆಹಾಕಿದರೆ ಅವರಿಗೆ ಕಾಣುವುದು ಒಬ್ಬ ವಿಚಿತ್ರ ವ್ಯಕ್ತಿ: ಅಡಿಕೆಯ ಕೊಳೆರೋಗಕ್ಕೆ ಮದ್ದು ಕೇಳುತ್ತಾನೆ, ಹತ್ತನೇ ತರಗತಿಯ ತ್ರಿಕೋನಮಿತಿ ಓದುತ್ತಾನೆ, ಮಂಡಿ ನೋವಿನಿಂದ ನರಳುತ್ತಾನೆ, ಸೀರೆಯ ಕುಚ್ಚು ಹಾಕುವುದನ್ನು ಕಲಿಯುತ್ತಿದ್ದಾನೆ.

ಮುಚ್ಚಿಡುವಂಥದ್ದು ನನ್ನ ಬಳಿ ಏನೂ ಇಲ್ಲ. ನನಗೇಕೆ ಇದು?

ಮೇಷ್ಟರೂ ಮೊದಲು ಹೀಗೇ ಹೇಳಿದ್ದರು. ಅವರಿಗೆ 2006ರ ಒಂದು ಘಟನೆ ಹೇಳಿದೆ. ಆ ವರ್ಷದ ಆಗಸ್ಟಿನಲ್ಲಿ ಅಮೆರಿಕದ ಎಒಎಲ್ ಕಂಪನಿ, ಸುಮಾರು ಆರೂವರೆ ಲಕ್ಷ ಬಳಕೆದಾರರು ಮೂರು ತಿಂಗಳಲ್ಲಿ ಮಾಡಿದ ಸುಮಾರು 2 ಕೋಟಿ ಹುಡುಕಾಟಗಳನ್ನು ಸಂಶೋಧಕರ ಉಪಯೋಗಕ್ಕೆಂದು ಬಿಡುಗಡೆ ಮಾಡಿತು. ಹೆಸರುಗಳನ್ನು ತೆಗೆದು ಬರೀ ಸಂಖ್ಯೆ ಹಾಕಿದ್ದರು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರರು 4417749 ಎಂಬ ಸಂಖ್ಯೆಯ ಹಿಂದಿದ್ದ ವೃದ್ಧೆಯ ಮನೆಯ ಬಾಗಿಲು ತಟ್ಟಿದರು. ಆಕೆ ಎಲ್ಲೂ ತನ್ನ ಹೆಸರು ಬರೆದಿರಲಿಲ್ಲ. ಊರಿನ ತೋಟದ ಕೆಲಸದವರು, ತನ್ನದೇ ಕುಲನಾಮದವರು, ನಾಯಿಯ ತೊಂದರೆ, ತನ್ನ ತೊಂದರೆ ಹೀಗೆ ಒಂದೊಂದಾಗಿ ಕೇಳುತ್ತ ಹೋಗಿದ್ದರು, ಅಷ್ಟೇ.

ನಾವು ವೈದ್ಯರಿಗೆ ಹೇಳುವ ಮೊದಲು, ಹೆಂಡತಿಗೆ ಹೇಳುವ ಮೊದಲು, ಹುಡುಕುಪೆಟ್ಟಿಗೆಗೆ ಹೇಳುತ್ತೇವೆ. ಹಾಗೆ ಹೇಳಿದ್ದನ್ನೆಲ್ಲ ಬರೆದಿಟ್ಟ ಪುಸ್ತಕ ಯಾರ ಕೈಯಲ್ಲಿರಬೇಕು ಎಂಬುದಷ್ಟೇ ಪ್ರಶ್ನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತಲ್ಲ, ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಅವರು ಅರ್ಜಿ ಹಾಕಿದಾಗ ಎಂಬತ್ತು ದಾಟಿತ್ತು. ಮುಚ್ಚಿಡುವಂಥದ್ದು ಅವರ ಬಳಿಯೂ ಏನೂ ಇರಲಿಕ್ಕಿಲ್ಲ.

ಮೇಷ್ಟರನ್ನು ಒಪ್ಪಿಸಿದ್ದು ಮಾತ್ರ ಇವೆರಡೂ ಅಲ್ಲ. ಬೋರ್ಡೋ ದ್ರಾವಣದ ಪ್ರಮಾಣವನ್ನು (ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ) ಒಮ್ಮೆ ಮೊಬೈಲಿನಲ್ಲಿ ನೋಡಿದ್ದಕ್ಕೆ ಆಟಿ ತಿಂಗಳು ಮುಗಿಯುವವರೆಗೂ ಸಿಂಪಡಣೆ ಪಂಪಿನ ಜಾಹೀರಾತುಗಳು ಅವರ ಬೆನ್ನು ಬಿಡಲಿಲ್ಲ.

ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿ ಸಾಲದೇ?

ಅದು ನಿಮ್ಮ ಕಂಪ್ಯೂಟರಿನಲ್ಲಿ ಗುರುತು ಉಳಿಸುವುದಿಲ್ಲ, ಅಷ್ಟೇ. ಆಚೆ ಕಡೆಯವರು ಬರೆದುಕೊಳ್ಳುವುದನ್ನು ತಡೆಯುವುದಿಲ್ಲ. ಇದೇ ವಿಷಯಕ್ಕೆ ಅಮೆರಿಕದಲ್ಲಿ 2020ರಲ್ಲಿ ದಾಖಲಾದ ಮೊಕದ್ದಮೆಯಲ್ಲಿ ಗೂಗಲ್ 2024ರಲ್ಲಿ ರಾಜಿಗೆ ಬಂದು, ಸಂಗ್ರಹಿಸಿದ್ದ ಕೋಟ್ಯಂತರ ದಾಖಲೆಗಳನ್ನು ಅಳಿಸಲು ಒಪ್ಪಿತು.

ಡಕ್‌ಡಕ್‌ಗೋ ಬಳಸಿದರೆ ಇಷ್ಟೆಲ್ಲ ರಗಳೆ ತಪ್ಪುತ್ತದಲ್ಲ?

ತಪ್ಪುತ್ತದೆ. ಹತ್ತರಲ್ಲಿ ಎಂಟು ಜನರಿಗೆ ನಾನು ಅದನ್ನೇ ಹೇಳುತ್ತೇನೆ. ಅವರ ಮಾತನ್ನು ನಂಬಬೇಕು ಎಂಬುದೊಂದು, ಸಾಮಾನ್ಯ ಫಲಿತಾಂಶಗಳು ಬಹುಪಾಲು ಬಿಂಗ್‌ನಿಂದ ಬರುತ್ತವೆ ಎಂಬುದಿನ್ನೊಂದು. ಇವೆರಡೂ ನಿಮಗೆ ಒಪ್ಪಿಗೆಯಾದರೆ ಇಲ್ಲಿಗೇ ಓದು ನಿಲ್ಲಿಸಬಹುದು.

ವಿಪಿಎನ್ ಹಾಕಿದರೆ?

ನಿಮ್ಮ ಸಂಪರ್ಕ ಬೇರೊಂದು ಕಂಪನಿಯ ಯಂತ್ರದ ಮೂಲಕ ಹಾದುಹೋಗುತ್ತದೆ. ನಿಮ್ಮ ಐಪಿ ವಿಳಾಸ ಮರೆಯಾಗುತ್ತದೆ, ನಂಬಿಕೆ ಆ ವಿಪಿಎನ್ ಕಂಪನಿಗೆ ವರ್ಗವಾಗುತ್ತದೆ. ಭಾರತದಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್‌ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ವಿಪಿಎನ್ ಸೇವೆಯವರು ಗ್ರಾಹಕರ ಹೆಸರು, ವಿಳಾಸ ಮೊದಲಾದ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು. ಹಲವು ಕಂಪನಿಗಳು ಇಲ್ಲಿನ ಸರ್ವರುಗಳನ್ನೇ ಕಿತ್ತುಕೊಂಡು ಹೋದವು. ಸರ್‌ಎಕ್ಸ್‌ಎನ್‌ಜಿಯ ಪ್ರಶ್ನೆಗಳನ್ನು ವಿಪಿಎನ್ ಅಥವಾ ಟಾರ್ (ಹಲವು ಯಂತ್ರಗಳ ಮೂಲಕ ಹಾಯಿಸಿ ವಿಳಾಸ ಮರೆಸುವ ಜಾಲ) ಮೂಲಕ ಕಳಿಸಲು ಸಾಧ್ಯವಿದೆ, ಆದರೆ ಆ ವಿಳಾಸಗಳನ್ನು ಕಂಡರೆ ದೊಡ್ಡ ಎಂಜಿನ್‌ಗಳು ಬಾಗಿಲು ಹಾಕಿಕೊಳ್ಳುತ್ತವೆ. ಮನೆಯ ಸಾದಾ ಸಂಪರ್ಕಕ್ಕೇ ಮರ್ಯಾದೆ ಹೆಚ್ಚು.

ಯಾವ ಯಂತ್ರ ಬೇಕು? ಕರೆಂಟ್ ಬಿಲ್ ಎಷ್ಟು ಏರುತ್ತದೆ?

ಒಂದು ಜಿಬಿ ರ್‍ಯಾಮ್ ಇರುವ ಯಾವ ಯಂತ್ರವಾದರೂ ನಡೆಯುತ್ತದೆ. ರಾಸ್ಪ್‌ಬೆರಿ ಪೈ 4 ಎಂಬ ಅಂಗೈ ಅಗಲದ ಕಂಪ್ಯೂಟರ್ ಧಾರಾಳವಾಯಿತು. ಅದು ಐದು ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ, ಇಪ್ಪತ್ತನಾಲ್ಕು ತಾಸಿನಂತೆ ಮೂವತ್ತು ದಿನಕ್ಕೆ 3.6 ಯೂನಿಟ್. ಹದಿನೈದು ವ್ಯಾಟ್ ಎಳೆಯುವ ಹಳೆಯ ಲ್ಯಾಪ್‌ಟಾಪಿಗೆ 10.8 ಯೂನಿಟ್. ನಾನು ಲ್ಯಾಪ್‌ಟಾಪನ್ನೇ ಆರಿಸಿಕೊಂಡದ್ದು ಅದರ ಹೊಟ್ಟೆಯಲ್ಲಿ ಬ್ಯಾಟರಿ ಇದೆ ಎಂಬ ಕಾರಣಕ್ಕೆ. ಮಳೆಗಾಲದಲ್ಲಿ ಕರೆಂಟ್ ದಿನಕ್ಕೆ ಹತ್ತು ಸಲ ಹೋಗಿ ಬರುವ ಊರಿನಲ್ಲಿ ಅದೇ ಯುಪಿಎಸ್. ಪೈ ಇಟ್ಟುಕೊಳ್ಳುವವರು ಮೆಮೊರಿ ಕಾರ್ಡಿನ ಮೇಲೆ ಭರವಸೆ ಇಡಬೇಡಿ. ಪದೇ ಪದೇ ಬರೆದು ಅಳಿಸಿ ಅದು ಸವೆಯುತ್ತದೆ, ಕರೆಂಟ್ ಹೋದ ಕ್ಷಣದಲ್ಲಿ ಕೆಡುತ್ತದೆ. ಸಣ್ಣದೊಂದು ಎಸ್‌ಎಸ್‌ಡಿ ಹಾಕಿ.

ಅಳವಡಿಸುವುದು ಕಷ್ಟವೇ?

ಲಿನಕ್ಸ್ ಮತ್ತು ಡಾಕರ್ (ತಂತ್ರಾಂಶವನ್ನು ಬೇಕಾದ ಸಾಮಗ್ರಿಯ ಸಮೇತ ಒಂದೇ ಪೊಟ್ಟಣವಾಗಿ ಓಡಿಸುವ ಸಾಧನ) ಗೊತ್ತಿದ್ದವರಿಗೆ ಒಂದು ಸಂಜೆಯ ಕೆಲಸ. ಗೊತ್ತಿಲ್ಲದವರಿಗೆ ಎರಡು ಭಾನುವಾರ. ಯೋಜನೆಯವರೇ ಕೊಡುವ ಡಾಕರ್ ಇಮೇಜನ್ನು, ಅಂದರೆ ಆ ಪೊಟ್ಟಣವನ್ನು, ಇಳಿಸಿಕೊಂಡು ಓಡಿಸಿದರೆ 8080 ಸಂಖ್ಯೆಯ ಪೋರ್ಟಿನಲ್ಲಿ ಪುಟ ತೆರೆದುಕೊಳ್ಳುತ್ತದೆ. ಯಂತ್ರಕ್ಕೆ ರೂಟರಿನಲ್ಲಿ ಒಂದು ಕಾಯಂ ವಿಳಾಸ ಕೊಡಿ, 192.168.1.20 ಎಂಬಂಥದ್ದು. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ವಿಳಾಸ ಬದಲಾಗಿ ಮನೆಯವರೆಲ್ಲ ನಿಮ್ಮ ಹೆಸರು ಕೂಗುತ್ತಾರೆ.

ಎಲ್ಲ ಹೊಂದಾಣಿಕೆಯೂ ವೈಎಎಂಎಲ್ ಎಂಬ ಸಾದಾ ಪಠ್ಯರೂಪದ ಒಂದೇ ಕಡತದಲ್ಲಿರುತ್ತದೆ. ಅದರ ಸಾವಿರಾರು ಸಾಲುಗಳನ್ನು ನಕಲು ಮಾಡಿಕೊಂಡು ತಿದ್ದಲು ಹೋಗಬೇಡಿ. ಮೂಲ ಹೊಂದಾಣಿಕೆಗಳನ್ನೇ ಬಳಸು ಎಂಬ ಒಂದು ಸಾಲು ಬರೆದು, ಅದರ ಕೆಳಗೆ ನಿಮಗೆ ಬೇಕಾದ ನಾಲ್ಕು ಬದಲಾವಣೆಗಳನ್ನಷ್ಟೇ ಬರೆಯಿರಿ. ರಹಸ್ಯ ಕೀಲಿ ಎಂಬ ಜಾಗದಲ್ಲಿ ಮೊದಲೇ ಇರುವ ಪದವನ್ನು ಹಾಗೆಯೇ ಬಿಟ್ಟರೆ ಎಂಜಿನ್ ಶುರುವಾಗಲು ಒಪ್ಪುವುದಿಲ್ಲ, ಏನಾದರೂ ಉದ್ದನೆಯ ಗೋಜಲು ಹಾಕಿ. ಇನ್ನೊಂದು ಮಾತು: ಈ ಕಡತದಲ್ಲಿ ಸಾಲಿನ ಮುಂದಿನ ಖಾಲಿ ಜಾಗಕ್ಕೂ ಅರ್ಥವಿದೆ, ಟ್ಯಾಬ್ ಕೀಲಿಯನ್ನು ಅದು ಮುಟ್ಟಿಸಿಕೊಳ್ಳುವುದಿಲ್ಲ. ನನ್ನ ಅಜ್ಜಿಯ ಅಡುಗೆಕೋಣೆಯ ಮಡಿಯೂ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ. ಒಂದೇ ಒಂದು ಟ್ಯಾಬ್ ಹುಡುಕುವುದಕ್ಕೆ ನಾನು ರಾತ್ರಿ ಹನ್ನೊಂದರಿಂದ ಒಂದರವರೆಗೆ ಕುಳಿತಿದ್ದೆ.

ನಾವು ಹುಡುಕಿದ್ದು ನಿಮಗೆ ಕಾಣುತ್ತದೆಯೇ?

ಇದನ್ನು ಮೊದಲು ಕೇಳಿದ್ದು ನನ್ನ ಮಗಳು. ಉಳಿದೆಲ್ಲ ಪ್ರಶ್ನೆಗಳಿಗಿಂತ ಇದು ದೊಡ್ಡದು.

ಸರ್‌ಎಕ್ಸ್‌ಎನ್‌ಜಿ ಹುಡುಕಾಟಗಳ ಇತಿಹಾಸ ಇಟ್ಟುಕೊಳ್ಳುವುದಿಲ್ಲ. ಒಬ್ಬೊಬ್ಬರ ಆಯ್ಕೆಗಳು ಅವರವರ ಬ್ರೌಸರಿನ ಕುಕಿಯಲ್ಲೇ ಉಳಿಯುತ್ತವೆ. ಪ್ರಶ್ನೆಯನ್ನು ಪೋಸ್ಟ್ ವಿಧಾನದಲ್ಲಿ ಕಳಿಸಿದರೆ ಅದು ವಿಳಾಸದ ಸಾಲಿನಲ್ಲಿ ಕಾಣಿಸಿಕೊಳ್ಳುವುದಿಲ್ಲ, ಹಾಗಾಗಿ ಸರ್ವರಿನ ದಿನಚರಿಗೂ ಬೀಳುವುದಿಲ್ಲ. ಇದೆಲ್ಲ ಸರಿ. ಆದರೆ ಯಂತ್ರ ನನ್ನದು, ಅದರ ಬೀಗದ ಕೈ ನನ್ನದು. ನೋಡಬೇಕೆಂದರೆ ನೋಡಬಲ್ಲೆ.

ಒಮ್ಮೆ ನೋಡಿಯೂಬಿಟ್ಟೆ. ಒಂದು ಎಂಜಿನ್ ಏಕೆ ಉತ್ತರಿಸುತ್ತಿಲ್ಲ ಎಂದು ತಿಳಿಯಲು ಡಿಬಗ್ ಸ್ಥಿತಿ (ಎಂಜಿನ್ ಮಾಡುವುದನ್ನೆಲ್ಲ ಸಾಲು ಸಾಲಾಗಿ ತೋರಿಸುವ ಸ್ಥಿತಿ) ಆನ್ ಮಾಡಿದ್ದೆ. ಪರದೆಯ ತುಂಬ ಸಾಲುಗಳು ಓಡತೊಡಗಿದವು. ಕನ್ನಡದಲ್ಲಿ ಮಾಡಿದ ಹುಡುಕಾಟ ಅಲ್ಲಿ ಶೇಕಡಾ ಚಿಹ್ನೆ, ಇ, ಸೊನ್ನೆ, ಮತ್ತೆ ಶೇಕಡಾ ಚಿಹ್ನೆ, ಬಿ, ಎರಡು ಎಂಬ ಸರಮಾಲೆಯಾಗಿ ಕಾಣುತ್ತದೆ, ಕಣ್ಣಿಗೆ ಓದಲು ಬಾರದು. ಇಂಗ್ಲಿಷಿನದು ಹಾಗಲ್ಲ. ಒಂದು ಕಾಯಿಲೆಯ ಹೆಸರು, ಅದರ ಪಕ್ಕದಲ್ಲಿ "ಮೊದಲ ಲಕ್ಷಣಗಳು" ಎಂದಿತ್ತು. ಮೂರು ಮನೆಯಲ್ಲಿ ಯಾರೂ ಆ ಕಾಯಿಲೆಯ ಮಾತೆತ್ತಿದವರಲ್ಲ. ತಕ್ಷಣ ಡಿಬಗ್ ಆಫ್ ಮಾಡಿದೆ. ಆದರೆ ಕಂಡದ್ದನ್ನು ಕಾಣಲಿಲ್ಲ ಎನ್ನುವುದು ಹೇಗೆ? ವಾರಗಟ್ಟಲೆ ಊಟಕ್ಕೆ ಕುಳಿತಾಗ ಒಬ್ಬೊಬ್ಬರ ಮುಖ ನೋಡುತ್ತಿದ್ದೆ. ಕೇಳುವಂತಿಲ್ಲ, ಮರೆಯುವಂತಿಲ್ಲ. ದೂರದ ಕಂಪನಿಗೆ ನಮ್ಮ ಮುಖದ ಪರಿಚಯವಿಲ್ಲ. ನನಗಿದೆ.

ಆಮೇಲೆ ಮಾಡಿದ್ದು ಇಷ್ಟು. ಮುಂದೆ ನಿಂತ ವೆಬ್ ಸರ್ವರಿನ ದಾಖಲೆ ಸಂಪೂರ್ಣ ಬಂದ್. ಡಾಕರ್ ಉಳಿಸುವ ದಾಖಲೆ ಡಿಸ್ಕಿನ ಬದಲು ರ್‍ಯಾಮ್‌ನಲ್ಲಿ, ಯಂತ್ರ ಆರಿದರೆ ಅದೂ ಅಳಿಯುತ್ತದೆ. ಡಿಬಗ್ ಆನ್ ಮಾಡುವ ಮೊದಲು ಮೂರು ಮನೆಗೂ ಸಂದೇಶ ಕಳಿಸುತ್ತೇನೆ: "ಒಂದು ಗಂಟೆ ರಿಪೇರಿ, ಬೇರೆ ಕಡೆ ಹುಡುಕಿಕೊಳ್ಳಿ." ಮಗಳಿಗೆ ಯಂತ್ರದೊಳಗೆ ಹೋಗಿ ಈ ಹೊಂದಾಣಿಕೆಗಳನ್ನು ತಾನೇ ಪರೀಕ್ಷಿಸುವ ಅನುಮತಿ ಇದೆ. ತಿಂಗಳಿಗೊಮ್ಮೆ ಪರೀಕ್ಷಿಸುತ್ತಾಳೆ, ಬಹಳ ಗಂಭೀರವಾಗಿ.

ಅಕ್ಷರ ಒತ್ತುತ್ತಿದ್ದಂತೆ ಕೆಳಗೆ ಸಲಹೆಗಳು ಬರುವುದಿಲ್ಲವೇಕೆ?

ಬೇಕೆಂದೇ. ಸಲಹೆ ಬರಬೇಕಾದರೆ ನೀವು ಒತ್ತಿದ ಒಂದೊಂದು ಅಕ್ಷರವೂ ಯಾವುದೋ ಒಂದು ಕಂಪನಿಗೆ ಹೋಗಬೇಕು. ಬರೆದು ಅಳಿಸಿದ್ದು ಸಹ. ಬ್ರೌಸರಿನ ವಿಳಾಸ ಪಟ್ಟಿಯ ಸಲಹೆಗಳನ್ನೂ ಆಫ್ ಮಾಡಿ. ಇಲ್ಲದಿದ್ದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ.

ಕನ್ನಡದಲ್ಲಿ ಹುಡುಕಿದರೆ ಚೆನ್ನಾಗಿ ಬರುತ್ತದೆಯೇ?

ಬರುತ್ತದೆ, ಆದರೆ ನೀವು ಸ್ವಲ್ಪ ಶ್ರಮಪಡಬೇಕು. ಸಣ್ಣ ಎಂಜಿನ್‌ಗಳ ಸೂಚಿಯಲ್ಲಿ ಕನ್ನಡ ಪುಟಗಳು ಕಡಿಮೆ. ಗೂಗಲ್ ಮತ್ತು ಬಿಂಗ್ ಎರಡೂ ಮುನಿಸಿಕೊಂಡ ದಿನ ಕನ್ನಡದ ಫಲಿತಾಂಶ ಬಡವಾಗುತ್ತದೆ. ಅದರ ಮೇಲೆ ನಮ್ಮ ಭಾಷೆಯ ವಿಭಕ್ತಿ. ಅಡಿಕೆ, ಅಡಿಕೆಗೆ, ಅಡಿಕೆಯಲ್ಲಿ ಮೂರೂ ಒಂದೇ ಎಂದು ನಮಗೆ ಗೊತ್ತು, ಎಲ್ಲ ಯಂತ್ರಗಳಿಗೂ ಗೊತ್ತಿಲ್ಲ. ಸಾಲದ್ದಕ್ಕೆ ಅರ್ಧ ಪತ್ರಿಕೆಗಳು ಅಡಿಕೆ ಎಂದು ಬರೆದರೆ ಇನ್ನರ್ಧ ಅಡಕೆ ಎಂದು ಬರೆಯುತ್ತವೆ. ಆದ್ದರಿಂದ ಪೂರ್ತಿ ವಾಕ್ಯ ಬರೆಯದೆ ಪ್ರತ್ಯಯವಿಲ್ಲದ ಎರಡು ಮೂರು ಪದ ಕೊಡಿ: "ಅಡಿಕೆ ಕೊಳೆರೋಗ ಸಿಂಪಡಣೆ". ಒಮ್ಮೆ ಅಡಿಕೆ, ಇನ್ನೊಮ್ಮೆ ಅಡಕೆ.

ಕರಾವಳಿಯವರಿಗೆ ಇನ್ನೊಂದು ಕಷ್ಟವಿದೆ. ಎಂಜಿನ್ ಹಾಕಿದ ಹೊಸತರಲ್ಲಿ ಮೇಷ್ಟರು ಸಂಜೆ ಏಳಕ್ಕೆ ಫೋನ್ ಮಾಡಿದರು: "ಇವತ್ತಿನ ಆಟ ಎಂದು ಹಾಕಿದರೆ ಕ್ರಿಕೆಟ್ ಬರುತ್ತಿದೆ ಮಾರಾಯರೇ." ಅವರಿಗೆ ಬೇಕಾಗಿದ್ದದ್ದು ಯಕ್ಷಗಾನ. ಮೊದಲು ಅವರ ಮೊಬೈಲಿಗೆ ಇವರು ಉಡುಪಿಯವರು, ಮೇಳದ ಹಿಂದೆ ಸುತ್ತುವವರು ಎಂದು ವರ್ಷಗಳಿಂದ ಗೊತ್ತಿತ್ತು, ಆಟ ಎಂದರೆ ಬಯಲಾಟ ಎಂದೇ ತಿಳಿದುಕೊಳ್ಳುತ್ತಿತ್ತು. ನಮ್ಮ ಎಂಜಿನ್‌ಗೆ ಅವರು ದಿನವೂ ಹೊಸಬರು. "ಕಟೀಲು ಮೇಳ ಇಂದಿನ ಪ್ರಸಂಗ" ಎಂದು ಪೂರ್ತಿ ಹೇಳಬೇಕು. ಮೇಷ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ಅದಕ್ಕೆ ನನ್ನ ಬಗ್ಗೆ ಅಷ್ಟೆಲ್ಲ ಗೊತ್ತಿತ್ತೋ" ಎಂದರು.

ವಿಕಿಪೀಡಿಯದಲ್ಲಿ ಮಾತ್ರ ಹುಡುಕಲು ಆಶ್ಚರ್ಯಸೂಚಕ ಚಿಹ್ನೆಗೆ ಅಂಟಿಸಿ ಡಬ್ಲ್ಯೂ, ಪಿ ಬರೆಯಿರಿ. ಭಾಷೆ ಬದಲಿಸಲು ವಿವರಣ ಚಿಹ್ನೆಯಾದ ಎರಡು ಚುಕ್ಕಿಗೆ ಅಂಟಿಸಿ ಭಾಷೆಯ ಸಂಕೇತ, ಕನ್ನಡಕ್ಕೆ ಕೆ, ಎನ್. ಎರಡು ದಿನದಲ್ಲಿ ಬೆರಳಿಗೆ ರೂಢಿಯಾಗುತ್ತದೆ.

ತುಳುವಿನಲ್ಲಿ?

ಕನ್ನಡ ಲಿಪಿಯಲ್ಲಿ ಬರೆದ ತುಳುವನ್ನು ಎಂಜಿನ್‌ಗಳು ಕನ್ನಡವೆಂದೇ ತಿಳಿಯುತ್ತವೆ. 2016ರಿಂದ ತುಳು ವಿಕಿಪೀಡಿಯ ಇದೆ, ಅದನ್ನು ಬೇರೆ ಮೂಲವಾಗಿ ಸೇರಿಸಿಕೊಂಡಿದ್ದೇನೆ. ತುಳು-ತಿಗಳಾರಿ ಲಿಪಿಗೆ 2024ರಲ್ಲಿ ಯೂನಿಕೋಡ್ 16ರಲ್ಲಿ ಜಾಗ ಸಿಕ್ಕಿತು. ಆ ಲಿಪಿಯಲ್ಲಿ ಪುಟಗಳು ಬರಲಿ, ಹುಡುಕುವುದಕ್ಕೆ ನಾನು ಸಿದ್ಧ.

"ಹತ್ತಿರದ ಮೆಡಿಕಲ್" ಎಂದರೆ ಎಲ್ಲಿಯದೋ ತೋರಿಸುತ್ತದೆ.

ನೀವು ಎಲ್ಲಿದ್ದೀರಿ ಎಂದು ಅದಕ್ಕೆ ತಿಳಿಯದು. ಐಪಿ ವಿಳಾಸ ನೋಡಿ ಊಹಿಸುವ ಎಂಜಿನ್‌ಗಳು ನಮ್ಮನ್ನು ಬಹಳ ಸಲ ಬೆಂಗಳೂರಿನವರು ಎಂದುಕೊಳ್ಳುತ್ತವೆ. ಊರಿನ ಹೆಸರು ಸೇರಿಸಿ.

ಇದ್ದಕ್ಕಿದ್ದಂತೆ ಫಲಿತಾಂಶ ಕಡಿಮೆಯಾಗುತ್ತದೆ. ಏನಾಗಿದೆ?

ಫಲಿತಾಂಶದ ಪುಟದಲ್ಲೇ ಯಾವ ಎಂಜಿನ್ ಉತ್ತರಿಸಲಿಲ್ಲ, ಏಕೆ ಎಂಬ ಪಟ್ಟಿ ಇರುತ್ತದೆ, ಮೊದಲು ಅದನ್ನು ನೋಡಿ. ಸಾಮಾನ್ಯವಾಗಿ ಎರಡು ಕಾರಣ. ಒಂದು, ನೀವು ಯಂತ್ರವಲ್ಲ ಎಂದು ಸಾಬೀತುಪಡಿಸಿ ಎಂದು ಆ ಎಂಜಿನ್ ಕ್ಯಾಪ್ಚಾ ಮುಂದಿಟ್ಟಿರುತ್ತದೆ. ನಮ್ಮದು ಯಂತ್ರವೇ ಆದ್ದರಿಂದ ಉತ್ತರವಿಲ್ಲ. ಆಗ ಸರ್‌ಎಕ್ಸ್‌ಎನ್‌ಜಿ ಆ ಎಂಜಿನ್ನನ್ನು ಸುಮಾರು ಒಂದು ದಿನ ಪಕ್ಕಕ್ಕಿಡುತ್ತದೆ. ವಿಪರೀತ ಪ್ರಶ್ನೆಗಳಾದವು ಎಂಬ ದೂರಾದರೆ ಒಂದು ಗಂಟೆ. ಈ ಅವಧಿಗಳನ್ನು ಕಡತದಲ್ಲಿ ತಗ್ಗಿಸಬಹುದು, ನಾನು ತಗ್ಗಿಸುವುದಿಲ್ಲ. ಮುನಿದವರ ಬಾಗಿಲು ಮತ್ತೆ ಮತ್ತೆ ಬಡಿದರೆ ಮುನಿಸು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ.

ಎರಡನೆಯದು, ಆಚೆಯವರು ಪುಟದ ರಚನೆ ಬದಲಿಸಿರುತ್ತಾರೆ. 2025ರ ಜನವರಿಯಲ್ಲಿ ಗೂಗಲ್ ಜಾವಾಸ್ಕ್ರಿಪ್ಟ್ (ಬ್ರೌಸರಿನೊಳಗೆ ಓಡುವ ಸಂಕೇತ) ಇಲ್ಲದ ಹುಡುಕಾಟಕ್ಕೆ ಉತ್ತರ ಕೊಡುವುದನ್ನು ನಿಲ್ಲಿಸಿದಾಗ, ಅದನ್ನೇ ನಂಬಿದ್ದ ವೂಗಲ್ ಎಂಬ ತಂತ್ರಾಂಶ ನೆಲಕಚ್ಚಿತು. ಒಂದೇ ಅಡುಗೆಮನೆಯನ್ನು ನಂಬಿದ ಸಪ್ಲೈಯರ್‌ನ ಪಾಡು ಅದು. ಸರ್‌ಎಕ್ಸ್‌ಎನ್‌ಜಿಯಲ್ಲಿ ತಿದ್ದುಪಡಿಗಳು ನಿರಂತರ ಬರುತ್ತಿರುತ್ತವೆ. ಹದಿನೈದು ದಿನಕ್ಕೊಮ್ಮೆ ಹೊಸ ಇಮೇಜ್ ಇಳಿಸಿಕೊಂಡರೆ ಅರ್ಧ ತೊಂದರೆ ತಾನೇ ಹೋಗುತ್ತದೆ.

ಹೊರಗಡೆ ಇದ್ದಾಗ ಮೊಬೈಲಿನಿಂದ ಬಳಸಬಹುದೇ?

ಬಳಸಬಹುದು. ವೈರ್‌ಗಾರ್ಡ್ ಅಥವಾ ಟೈಲ್‌ಸ್ಕೇಲ್ ಎಂಬ, ಮನೆಗೆ ಖಾಸಗಿ ಸುರಂಗ ಕೊರೆಯುವ ತಂತ್ರಾಂಶ ಹಾಕಿಕೊಂಡರೆ ಮೊಬೈಲ್ ಮನೆಯ ಜಾಲದೊಳಗೇ ಇದ್ದಂತೆ. ಸುರತ್ಕಲ್ಲಿನ ತಂಗಿಯ ಮನೆ ಸೇರಿಕೊಂಡಿದ್ದು ಟೈಲ್‌ಸ್ಕೇಲ್‌ನಿಂದ. ಈಗ ಅನೇಕ ಸಂಪರ್ಕಗಳಲ್ಲಿ ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಬಹಳ ಮನೆಗಳಿಗೆ ಹಂಚಿರುತ್ತಾರೆ, ಹೊರಗಿನಿಂದ ನೇರವಾಗಿ ಮನೆ ತಲುಪಲು ಆಗುವುದಿಲ್ಲ. ಅಂಥ ಕಡೆಯೂ ಟೈಲ್‌ಸ್ಕೇಲ್ ದಾರಿ ಕಂಡುಕೊಳ್ಳುತ್ತದೆ.

ಊರಿನವರಿಗೆಲ್ಲ ತೆರೆದಿಟ್ಟರೆ ಪುಣ್ಯ ಬರುವುದಿಲ್ಲವೇ?

ಪುಣ್ಯಕ್ಕಿಂತ ಮೊದಲು ರೋಬಾಟುಗಳು ಬರುತ್ತವೆ. ನಾನು ಒಮ್ಮೆ ಉತ್ಸಾಹದಿಂದ ಹೊರಗಿನವರು ಬರಲೆಂದು ರೂಟರಿನಲ್ಲಿ ಪೋರ್ಟ್ ತೆರೆದಿಟ್ಟೆ. ಮೂರನೆಯ ದಿನ ನಮ್ಮ ವಿಳಾಸಕ್ಕೆ ಎಲ್ಲ ಎಂಜಿನ್‌ಗಳೂ ಬೆನ್ನು ತಿರುಗಿಸಿದ್ದವು. ನಾನು ನೇರವಾಗಿ ಗೂಗಲ್‌ಗೆ ಹೋದರೂ ಟ್ರಾಫಿಕ್ ದೀಪದ ಚಿತ್ರಗಳನ್ನು ಆರಿಸಿ ಎನ್ನುತ್ತಿತ್ತು. ಸಾರ್ವಜನಿಕವಾಗಿ ನಡೆಸುವವರಿಗೆ ಮಿತಿ ಹಾಕುವ ವ್ಯವಸ್ಥೆ ಅದರಲ್ಲೇ ಇದೆ. ಅದು ಬೇರೆಯೇ ಕೆಲಸ. ಮನೆಯ ಸಂಪರ್ಕದಲ್ಲಿ ಬೇಡ.

ಕಾನೂನಿನ ತೊಡಕು ಏನಾದರೂ?

ತಂತ್ರಾಂಶ ಎಜಿಪಿಎಲ್ ಎಂಬ ಮುಕ್ತ ಪರವಾನಗಿಯದು, ಬಳಸಲು ಹಣ ಕೊಡಬೇಕಾಗಿಲ್ಲ. ನೀವು ಅದನ್ನು ತಿದ್ದಿ ಜಾಲದ ಮೂಲಕ ಬೇರೆಯವರಿಗೆ ಒದಗಿಸಿದರೆ ತಿದ್ದಿದ ಸಂಕೇತವನ್ನೂ ಅವರಿಗೆ ಕೊಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬ ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಮಾಡುವ ಕೆಲಸಕ್ಕೆ ಅನ್ವಯಿಸುವುದಿಲ್ಲ. ಅಂದರೆ ಕಾನೂನು ನನ್ನ ಕೈ ತಡೆಯುವುದಿಲ್ಲ, ಮಗಳ ತಪಾಸಣೆ ತಡೆಯುತ್ತದೆ. ಇನ್ನೊಂದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು: ಯಂತ್ರದ ಮೂಲಕ ಪ್ರಶ್ನೆ ಕಳಿಸುವುದಕ್ಕೆ ಗೂಗಲ್‌ನ ಷರತ್ತುಗಳ ಒಪ್ಪಿಗೆ ಇಲ್ಲ. ಆ ಇರುಸುಮುರುಸು ಬೇಡವೆಂದರೆ ಗೂಗಲ್ ಆಫ್ ಮಾಡಿ ಉಳಿದವುಗಳಿಂದ ನಡೆಸಬಹುದು.

ಎಐ ಉತ್ತರ ಕೊಡುತ್ತದೆಯೇ?

ತಾನಾಗಿ ಕೊಡುವುದಿಲ್ಲ. ಕೊಂಡಿಗಳ ಪಟ್ಟಿ ಕೊಡುತ್ತದೆ, ಓದುವುದು ನಿಮ್ಮ ಕೆಲಸ. ಮನೆಯಲ್ಲೇ ಭಾಷಾ ಮಾದರಿ ಓಡಿಸುವವರು ತಂತ್ರಾಂಶಗಳು ಓದಿಕೊಳ್ಳಬಲ್ಲ ಜೇಸನ್ ರೂಪವನ್ನು ಕಡತದಲ್ಲಿ ಆನ್ ಮಾಡಿ ಎರಡನ್ನೂ ಜೋಡಿಸಿಕೊಳ್ಳಬಹುದು.

ಮಳೆಗಾಲದಲ್ಲಿ ಏನು ಜಾಗ್ರತೆ?

ಸಿಡಿಲು. ಅದರಲ್ಲೂ ಮಳೆಗಾಲದ ಮುಂಚಿನ ಏಪ್ರಿಲ್, ಮೇ ತಿಂಗಳ ಸಂಜೆಗಳು, ಆಮೇಲೆ ತುಲಾ ಮಾಸದ ಗುಡುಗು. ಫೈಬರ್‌ನ ಗಾಜಿನ ಎಳೆ ಸಿಡಿಲನ್ನು ಹೊತ್ತು ತರುವುದಿಲ್ಲ ಎಂದು ಧೈರ್ಯವಾಗಿದ್ದೆ. ಅಡಾಪ್ಟರಿನ ತಂತಿ ತಂದಿತು, ಅಲ್ಲಿಂದ ನೆಟ್‌ವರ್ಕ್ ಕೇಬಲ್ ಹಿಡಿದು ಲ್ಯಾಪ್‌ಟಾಪಿನ ಪೋರ್ಟಿನವರೆಗೂ ಬಂತು. ಈಗ ಆ ಲ್ಯಾಪ್‌ಟಾಪ್ ವೈಫೈ ಮೇಲೆ ಬದುಕುತ್ತಿದೆ. ಪಡುವಣದಲ್ಲಿ ಗುಡುಗು ಕೇಳಿದ ಕೂಡಲೇ ರೂಟರಿನ ಪ್ಲಗ್ ಕೀಳುವುದು ನಮ್ಮ ಮನೆಯ ನಿಯಮ, ಸರ್ಚ್ ಎಂಜಿನ್ ಇರಲಿ ಬಿಡಲಿ.

ಇನ್ನೆರಡು ಶತ್ರುಗಳು ತೇವ ಮತ್ತು ಇರುವೆ. ಜುಲೈಯಲ್ಲಿ ಬೀರುವಿನ ಬಟ್ಟೆಗೆ ಬೂಷ್ಟು ಹಿಡಿಯುವ ಊರು ಇದು. ಸದಾ ಓಡುವ ಯಂತ್ರ ತನ್ನ ಬಿಸಿಯಿಂದಲೇ ಒಣಗಿರುತ್ತದೆ, ಆರಿಸಿಟ್ಟದ್ದು ಬೇಗ ಕೆಡುತ್ತದೆ. ಆದರೆ ಅದೇ ಬಿಸಿಗೆ ಇರುವೆಗಳು ಮೊಟ್ಟೆ ಹೊತ್ತುಕೊಂಡು ಬರುತ್ತವೆ. ಒಮ್ಮೆ ಫ್ಯಾನ್ ನಿಂತಿತೆಂದು ಬಿಚ್ಚಿದರೆ ಒಳಗೆ ಒಂದು ಸಂಸಾರವೇ ಇತ್ತು.

ನಮ್ಮ ಮನೆಯಲ್ಲೂ ಹಾಕಿಕೊಡುತ್ತೀರಾ?

ಹಾಕಿಕೊಡುತ್ತೇನೆ. ಹಳೆಯ ಲ್ಯಾಪ್‌ಟಾಪ್, ಅದರ ಚಾರ್ಜರ್ ಎರಡನ್ನೂ ತನ್ನಿ. ಚಾರ್ಜರ್ ಮರೆತು ಬರುವವರೇ ಹೆಚ್ಚು. ಮೇಳಗಳ ತಿರುಗಾಟ ಇರುವಾಗ ಶನಿವಾರ ರಾತ್ರಿ ಆಟ, ಭಾನುವಾರ ನಿದ್ದೆ, ಹಾಗಾಗಿ ತಿರುಗಾಟ ಮುಗಿಯುವ ಪತ್ತನಾಜೆ ಕಳೆದ ಮೇಲೆ ಬಂದರೆ ಅನುಕೂಲ. ಪಾಸ್‌ವರ್ಡ್ ನೀವೇ ಹಾಕಬೇಕು. ಆಗ ನಾನು ಅಂಗಳಕ್ಕೆ ಹೋಗಿ ನಿಂತಿರುತ್ತೇನೆ.